ಒಂದು ಲೋಟ ನೀರಿನ ಪರೀಕ್ಷೆ

ಬೆಟ್ಟ ಹತ್ತುವವರಿಗೆ ಜಾಕೆಟ್, ಟೆಂಟ್, ಬೂಟು ಬಾಡಿಗೆಗೆ ಕೊಡುವ ಆ ಅಂಗಡಿಯ ಯಜಮಾನನನ್ನು ಊರಿನವರೆಲ್ಲ ಲೋಟ ಯಜಮಾನ ಎಂದೇ ಕರೆಯುತ್ತಿದ್ದರು. ಗಿರಾಕಿ ಒಳಗೆ ಕಾಲಿಟ್ಟರೆ ಸಾಕು, ಜಾಕೆಟ್ಟಿನ ತೋಳನ್ನು ಮೇಜಿನ ಮೇಲೆ ಹರವಿ ಸ್ಟೀಲ್ ಲೋಟದಿಂದ ನೀರು ಹುಯ್ಯುತ್ತಿದ್ದ. ನೀರು ಗುಂಡುಗುಂಡಾಗಿ ಉರುಳಿ ಕೆಳಗಿಟ್ಟ ತಟ್ಟೆಗೆ ಬೀಳುತ್ತಿತ್ತು. "ನೋಡಿದ್ರಾ? ಒಂದೇ ಒಂದು ಹನಿ ಒಳಗೆ ಹೋಗಿದ್ರೆ ಮೀಸೆ ಬೋಳಿಸ್ಕೋತೀನಿ" ಎನ್ನುತ್ತಿದ್ದ. ಅವನಿಗೆ ಮೀಸೆಯೇ ಇರಲಿಲ್ಲ. ಗಿರಾಕಿಗಳು ನಗುತ್ತಿದ್ದರು, ನಕ್ಕವರು ನಂಬಿಬಿಡುತ್ತಿದ್ದರು.

ಅಂಗಡಿಯ ಹಿಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುತ್ತಿದ್ದವಳು ಹೊಲಿಗೆಯಕ್ಕ. ಹರಿದ ಜಿಪ್ಪು, ಕಿತ್ತ ಪಟ್ಟಿ, ತೂತಾದ ಟೆಂಟು ಎಲ್ಲ ಅವಳ ಕೈಗೆ ಬರುತ್ತಿದ್ದವು. ನೀರು ಹಿಡಿಯದ ಹಾಗೆ ಸ್ಪ್ರೇ ಹೊಡೆಯುವ ಕೆಲಸವೂ ಅವಳದೇ. ಹೆಂಗಸರು ಸೋಫಾ ಕವರು, ಊಟದ ಮೇಜಿನ ಬಟ್ಟೆ, ಮಕ್ಕಳ ಶಾಲೆಯ ಚೀಲ ತಂದು ಕೊಟ್ಟರೂ ಅದೇ ಸ್ಪ್ರೇ, ಅದೇ ಕೈ.

ಅವಳ ಗಂಡ ಗೈಡ್ ಆಗಿದ್ದ. ಎರಡು ವರ್ಷದ ಹಿಂದೆ ನಾಲ್ವರು ಪ್ರವಾಸಿಗಳನ್ನು ಕಣಿವೆ ದಾಟಿಸಲು ಹೊರಟಾಗ ಅವನ ಸ್ವಂತ ಜಾಕೆಟ್ಟಿನ ತೋಳು ಹರಿದಿತ್ತು, ಆವತ್ತಿನ ಮಟ್ಟಿಗೆ ಲೋಟ ಯಜಮಾನನಿಂದ ಒಂದನ್ನು ಬಾಡಿಗೆಗೆ ತೆಗೆದುಕೊಂಡು ಹೋದ. ದಾರಿಯಲ್ಲಿ ಮಳೆ ಹಿಡಿಯಿತು. ಪ್ರವಾಸಿಗಳು ನಾಲ್ವರೂ ಬದುಕಿ ಬಂದರು. ಇವನು ಮಾತ್ರ ಮೈಯೆಲ್ಲ ತೊಯ್ದು, ಚಳಿಗೆ ಸೆಟೆದು, ತಂಗುವ ಗುಡಿಸಲು ಇನ್ನು ಅರ್ಧ ಗಂಟೆ ದೂರ ಇದೆ ಎನ್ನುವಲ್ಲಿ ಕೂತವನು ಮತ್ತೆ ಏಳಲಿಲ್ಲ.

ಗೈಡ್‌ಗಳ ಸಂಘ ವಿಚಾರಣೆ ಮಾಡಿತು. ಲೋಟ ಯಜಮಾನ ಎದೆಯ ಮೇಲೆ ಕೈಯಿಟ್ಟುಕೊಂಡು ಹೇಳಿದ: "ಆ ಜಾಕೆಟ್ಟನ್ನ ನಾನೇ ತೊಳೆದು, ಸ್ಪ್ರೇ ಹೊಡೆದು, ಇಸ್ತ್ರಿ ಮಾಡಿ ಕೊಟ್ಟಿದ್ದೆ. ಪಾಪ, ಜಿಪ್ ತೆಗೆದುಕೊಂಡೇ ನಡೆದಿರ್ಬೇಕು. ಹುಷಾರಾಗಿರು ಅಂತ ಹೇಳಿನೂ ಕಳಿಸಿದ್ದೆ." ಸಂಘದ ಹಿರಿಯ ಗೈಡು, ಎಲ್ಲರ ಬಾಯಲ್ಲಿ ದೊಡ್ಡಣ್ಣ, ತಲೆ ತಗ್ಗಿಸಿ 'ಸ್ವಂತ ಅಜಾಗರೂಕತೆ' ಎಂದು ಬರೆದ. ಸಂಘದ ಕಚೇರಿಯ ಗೋಡೆಯಲ್ಲಿ ಬೆಟ್ಟದ ಮೇಲೆ ಪ್ರಾಣ ಬಿಟ್ಟ ಗೈಡ್‌ಗಳ ಹೆಸರಿನ ಹಲಗೆಯೊಂದಿದೆ. ಸ್ವಂತ ತಪ್ಪಿನಿಂದ ಸತ್ತವರ ಹೆಸರನ್ನು ಅದರ ಮೇಲೆ ಬರೆಯುವುದಿಲ್ಲ. ಹದಿನೇಳು ವರ್ಷ ಪರರನ್ನು ಕೈಹಿಡಿದು ನಡೆಸಿದವನಿಗೆ ಅಲ್ಲಿ ಒಂದು ಸಾಲಿನ ಜಾಗ ಸಿಗಲಿಲ್ಲ. ಅವನ ತಾಯಿ, ಅಂದರೆ ಹೊಲಿಗೆಯಕ್ಕನ ಅತ್ತೆ, ಆಮೇಲೆ ಆ ಬೀದಿಯಲ್ಲಿ ನಡೆಯುವುದನ್ನೇ ಬಿಟ್ಟರು.

ತಿಂಗಳು ಕಳೆಯುವುದರೊಳಗೆ ಲೋಟ ಯಜಮಾನ ಮನೆಗೆ ಬಂದು, ಹೊಲಿಗೆ ಬರುವುದಾದರೆ ಅಂಗಡಿಗೆ ಬಾ ಎಂದ. ಅವಳಿಗೆ ಕೆಲಸ ಬೇಕಿತ್ತು, ಹೋದಳು. ಬಂದವರಿಗೆಲ್ಲ ಅವನು ಅವಳಿಗೆ ಕೇಳುವ ಹಾಗೆಯೇ ಹೇಳುತ್ತಿದ್ದ, "ಪಾಪದ ಹೆಂಗಸು, ನಾನೇ ಕರೆದು ಕೆಲಸ ಕೊಟ್ಟೆ" ಅಂತ. ಇಂಥ ದೊಡ್ಡ ಮನಸ್ಸಿನವರ ಸಹವಾಸ ಯಾರಿಗೂ ಬೇಡ.

ಕೆಲಸಕ್ಕೆ ಸೇರಿದ ಮೂರನೆಯ ದಿನ ಅವಳಿಗೆ ಸ್ಪ್ರೇ ಡಬ್ಬಿ ಕೊಟ್ಟ. ಡಬ್ಬಿಯ ಮೇಲೆ ಬರೆದದ್ದನ್ನು ಅವಳು ಓದಿದಳು: ಮೊದಲು ಬಟ್ಟೆಯನ್ನು ತೊಳೆಯಬೇಕು, ಒದ್ದೆಯಿರುವಾಗಲೇ ಸ್ಪ್ರೇ ಹೊಡೆಯಬೇಕು, ಹೆಚ್ಚಾದದ್ದನ್ನು ಒರೆಸಬೇಕು, ಒಣಗಿದ ಮೇಲೆ ಹದವಾದ ಬಿಸಿಯಲ್ಲಿ ಇಸ್ತ್ರಿ ಮಾಡಬೇಕು.

"ತೊಳೆಯೋದು ಎಲ್ಲಿ, ಸಾರ್?" ಎಂದು ಕೇಳಿದಳು.

ಅವನು ನಕ್ಕ. "ತೊಳೀತಾ ಕೂತ್ರೆ ಅಂಗಡಿ ನಡೆಯುತ್ತಾ? ಎರಡು ಸಲ ಬುಸ್ ಅನ್ನಿಸು, ಒಂದು ಲೋಟ ನೀರು ಹುಯ್ಯಿ. ಉರುಳಿದ್ರೆ ಆಯ್ತು. ಹತ್ತು ವರ್ಷದಿಂದ ನಾನು ಮಾಡ್ಕೊಂಡು ಬಂದಿರೋದು ಇಷ್ಟೇ."

ಅವಳ ಕೈಯಲ್ಲಿದ್ದ ಡಬ್ಬಿ ಹಾಗೇ ನಿಂತಿತು. ಬೆವರು, ಎಣ್ಣೆ, ಧೂಳು ಕೂತ ಬಟ್ಟೆಗೆ ಹೊಡೆದ ಸ್ಪ್ರೇ ಕೊಳೆಯ ಮೇಲೆ ಅಂಟುತ್ತದೆಯೇ ಹೊರತು ಬಟ್ಟೆಗೆ ಅಂಟುವುದಿಲ್ಲ. ಲೋಟದ ನೀರಿಗೆ ಅದು ಜಗ್ಗುವುದಿಲ್ಲ. ಆದರೆ ಬೆನ್ನಚೀಲದ ಪಟ್ಟಿ ಭುಜವನ್ನು ನಾಲ್ಕು ಗಂಟೆ ಉಜ್ಜಿದರೆ, ಮೇಲಿನಿಂದ ಮಳೆ ಬಡಿದರೆ, ಉಳಿಯುವುದು ಬರೀ ಒದ್ದೆ ಬಟ್ಟೆ. ಆ ಕ್ಷಣದಲ್ಲಿ ಅವಳ ಗಂಡ ಹೇಗೆ ಸತ್ತ ಎನ್ನುವುದು ಅವಳಿಗೆ ಗೊತ್ತಾಯಿತು. ಲೋಟವನ್ನೆತ್ತಿ ಯಜಮಾನನ ಮುಖಕ್ಕೆ ಬೀಸಬೇಕು ಅನ್ನಿಸಿತು. ಹಲ್ಲು ಕಚ್ಚಿ "ಆಗ್ಲಿ ಸಾರ್" ಎಂದಳು.

ಸಂಘಕ್ಕೆ ಹೋಗಿ ಹೇಳಬಹುದಿತ್ತು. ಅವನು ಮತ್ತೆ ಎದೆಯ ಮೇಲೆ ಕೈಯಿಡುತ್ತಿದ್ದ, ಗಂಡ ಸತ್ತ ದುಃಖಕ್ಕೆ ಏನೋ ಹೇಳ್ತಾಳೆ ಎಂದು ಎಲ್ಲರೂ ಲೊಚಗುಟ್ಟುತ್ತಿದ್ದರು. ಅವಳಿಗೆ ಬೇಕಾದದ್ದು ಅವನ ಬಾಯಿಂದಲೇ, ದೊಡ್ಡಣ್ಣನ ಎದುರೇ ಬರಬೇಕಿತ್ತು. ಕಾಯುವುದು ಎಂದು ತೀರ್ಮಾನಿಸಿದಳು.

ಹಾಗಂತ ಇನ್ನೊಬ್ಬರ ಮನೆಯ ದೀಪ ಆರಿಸುವುದು ಅವಳಿಂದಾಗುವ ಕೆಲಸವಲ್ಲ. ಸಂಜೆ ಅಂಗಡಿ ಬಿಡುವಾಗ, ಹೊಲಿಗೆ ಬಾಕಿ ಇದೆ ಎಂದು ನಾಲ್ಕೈದು ಜಾಕೆಟ್ಟುಗಳನ್ನು ಮನೆಗೆ ಒಯ್ಯುತ್ತಿದ್ದಳು. ಅತ್ತೆ ಬಚ್ಚಲಲ್ಲಿ ಮಣೆ ಹಾಕಿ ಕೂತು, ವಾಸನೆಯಿಲ್ಲದ ಸೋಪು ಹಾಕಿ ಕಾಲರನ್ನು ಮೃದುವಾಗಿ ಉಜ್ಜುವರು, ಎರಡು ನೀರು ಹಾಯಿಸುವರು. ಸೊಸೆ ಒದ್ದೆ ಬಟ್ಟೆಗೆ ಸ್ಪ್ರೇ ಹೊಡೆದು, ಒರೆಸಿ, ಒಣಗಿಸಿ, ಮೇಲೊಂದು ತೆಳು ಬಟ್ಟೆ ಹಾಸಿ ಇಸ್ತ್ರಿ ತಿರುಗಿಸುವಳು.

"ಆ ಮುಂಡೇಗಂಡನ ಅಂಗಡಿಗೆ ನಾವ್ಯಾಕೆ ಮೈ ಮುರ್ಕೋಬೇಕು?" ಎಂದು ಅತ್ತೆ ಗೊಣಗಿದರೆ, "ಹಾಕ್ಕೊಳ್ಳೋದು ಅವನಲ್ಲವಲ್ಲ ಅತ್ತೆ" ಎನ್ನುವಳು. ಎರಡು ವರ್ಷ ಆ ಅಂಗಡಿಯ ಜಾಕೆಟ್ ತೊಟ್ಟವರು ಯಾರೂ ನೆನೆಯಲಿಲ್ಲ. ಹೆಸರು ಬಂದದ್ದು ಲೋಟಕ್ಕೆ.

ಆ ಹೆಸರೇ ಅವನನ್ನು ಹಳ್ಳಕ್ಕೆ ಕೆಡವಿತು. ಸಂಘದವರು ಕಣಿವೆಯಾಚೆ ಹೊಸ ದಾರಿಯೊಂದನ್ನು ಗುರುತು ಮಾಡಲು ಹೊರಟರು. ಇನ್ನು ಮೇಲೆ ಗೈಡ್‌ಗಳ ಸಾಮಾನೆಲ್ಲ ತನ್ನ ಅಂಗಡಿಯಿಂದಲೇ ಹೋಗಬೇಕು ಎನ್ನುವ ಆಸೆ ಲೋಟ ಯಜಮಾನನಿಗೆ. ಅವರ ಜೊತೆ ತಾನೂ ಬರುತ್ತೇನೆ ಎಂದ. ಹೊರಡುವ ಹಿಂದಿನ ದಿನ ಮಧ್ಯಾಹ್ನ, ಕಿವಿಗೆ ಫೋನು ಒತ್ತಿಕೊಂಡೇ ಹಿಂದಿನ ಕೋಣೆಗೆ ಬಂದು ತನ್ನ ಸ್ವಂತ ಜಾಕೆಟ್ಟನ್ನು ಬಾಡಿಗೆ ಜಾಕೆಟ್ಟುಗಳ ರಾಶಿಯ ಮೇಲೆ ಎಸೆದ. ಕಾಲರಿನಲ್ಲಿ ತಲೆಗೆಣ್ಣೆ ಗೆರೆಗಟ್ಟಿತ್ತು. ಭುಜದ ಮೇಲೆ ಪಟ್ಟಿ ಉಜ್ಜಿ ಬಣ್ಣ ಮಾಸಿತ್ತು.

"ಇದನ್ನೂ ರೆಡಿ ಮಾಡಿಡು."

ಅವಳು ಜಾಕೆಟ್ ನೋಡಿದಳು, ಅವನನ್ನು ನೋಡಿದಳು. ಕೊಡೆ ರಿಪೇರಿಗೆಂದು ಬಂದು ಸ್ಟೂಲಿನ ಮೇಲೆ ಕೂತಿದ್ದ ಟೀಚರಮ್ಮನಿಗೂ ಕೇಳುವಂತೆ ಕೇಳಿದಳು, "ಎಲ್ಲದರ ಹಾಗೇನಾ ಸಾರ್?"

"ಹೂಂ."

"ತೊಳೆಯೋದು, ಇಸ್ತ್ರಿ ಏನೂ ಬೇಡ್ವಾ?"

"ಎಷ್ಟು ಸಲ ಹೇಳೋದು? ಎಲ್ಲದರ ಹಾಗೇ ಮಾಡು ಮಾರಾಯ್ತಿ!" ಎಂದು ಅವನು ಫೋನಿಗೆ ಮರಳಿದ.

ಮಾಡಿದಳು. ಎರಡು ಸಲ ಬುಸ್. ಅಷ್ಟೇ. ಸಂಜೆ ಅವನೇ ಬಂದು ತನ್ನ ಜಾಕೆಟ್ಟಿನ ತೋಳು ಹರವಿ ಲೋಟದಿಂದ ನೀರು ಹುಯ್ದ. ನೀರು ಉರುಳಿತು. "ಭೇಷ್" ಎಂದು ಅವಳ ಬೆನ್ನು ತಟ್ಟುವಷ್ಟು ಖುಷಿಪಟ್ಟ.

ಮಾರನೆಯ ದಿನ ಹತ್ತು ಗಂಟೆಗೇ ಬೆಟ್ಟದ ಮೇಲೆ ಮೋಡ ಕವಿದು ಮಳೆ ಹಿಡಿಯಿತು. ಅವಳು ಹೊಲಿಗೆ ಯಂತ್ರದ ಮುಂದೆ ಕೂತು ಕಿಟಕಿ ನೋಡುತ್ತಿದ್ದಳು. ಹನ್ನೊಂದಕ್ಕೆ ಅವನ ಭುಜ ಒದ್ದೆಯಾಗಿರುತ್ತದೆ ಎಂದುಕೊಂಡಳು. ಹನ್ನೆರಡಕ್ಕೆ ಬೆನ್ನು. ಒಂದಕ್ಕೆ ಅವನಿಗೆ ಬೆರಳು ಮಡಚಲು ಬರುವುದಿಲ್ಲ. ಗಂಡ ಇದೇ ಲೆಕ್ಕದಲ್ಲಿ ತೊಯ್ದಿರಬೇಕು. ಆವತ್ತು ಅವಳು ಎರಡು ಟೆಂಟು ಹೊಲಿದು ಮುಗಿಸಿದಳು.

ಅದೇ ಸಂಜೆ ಗೈಡ್‌ಗಳು ಅವನನ್ನು ಹೆಗಲು ಕೊಟ್ಟು ಅಂಗಡಿಗೆ ಕರೆತಂದರು. ಅರ್ಧ ದಾರಿಯಲ್ಲೇ ಮಾತು ತೊದಲಿ ಕುಸಿದಿದ್ದನಂತೆ, ದೊಡ್ಡಣ್ಣ ತನ್ನ ಒಣ ಬಟ್ಟೆ ತೊಡಿಸಿ, ಚಾದರದಲ್ಲಿ ಸುತ್ತಿ, ಕೆಳಗಿನ ಗುಡಿಸಲಲ್ಲಿ ಬೆಂಕಿ ಹಾಕಿ ಉಳಿಸಿಕೊಂಡಿದ್ದ. ತುಟಿ ಇನ್ನೂ ನೀಲಿ. ಆದರೂ ಹೊಲಿಗೆಯಕ್ಕನನ್ನು ಕಂಡದ್ದೇ ಅವನಿಗೆ ಎಲ್ಲಿಲ್ಲದ ಕಸುವು ಬಂತು. ನೀರು ಸೋರುತ್ತಿದ್ದ ಜಾಕೆಟ್ಟನ್ನು ಅವಳ ಕಾಲ ಬಳಿ ಎಸೆದ.

"ಕೊಲೆಗಾರ್ತಿ! ನನ್ನನ್ನ ಸಾಯಿಸೋಕೆ ಹೊರಟಿದ್ಯಾ? ಕಾಲರ್ ನೋಡಿ ಇದರದ್ದು! ಕೊಳೆ ಹಾಗೇ ಇದೆ. ಕೊಳೆ ಮೇಲೆ ಹೊಡೆದ್ರೆ ನಾಲ್ಕು ಗಂಟೆ ಮಳೆಗೂ ತಡೆಯಲ್ಲ ಅಂತ ಗೊತ್ತಿಲ್ವಾ ನಿಂಗೆ?"

ಅಂಗಡಿಯಲ್ಲಿ ಆರು ಜನ ಗೈಡ್‌ಗಳಿದ್ದರು. ಕೊಡೆ ಒಯ್ಯಲು ಬಂದ ಟೀಚರಮ್ಮನೂ ಇದ್ದರು. ಹೊಲಿಗೆಯಕ್ಕ ಕತ್ತರಿ ಕೆಳಗಿಟ್ಟು ಎದ್ದು ನಿಂತಳು.

"ಎಲ್ಲದರ ಹಾಗೇ ಮಾಡು ಅಂತ ನೀವೇ ಹೇಳಿದ್ರಲ್ಲ ಸಾರ್. ತೊಳೆಯೋದು ಬೇಡ್ವಾ ಅಂತ ಕೇಳ್ದೆ. ಟೀಚರಮ್ಮ ಇಲ್ಲೇ ಕೂತಿದ್ರು."

"ಹೌದಪ್ಪ, ನನ್ನ ಎದುರಿಗೇ ಹೇಳಿದ್ರು" ಎಂದರು ಟೀಚರಮ್ಮ.

ಲೋಟ ಯಜಮಾನನಿಗೆ ರೇಗಿಹೋಯಿತು. ಚಳಿಗೆ ಹಲ್ಲು ಕಟಕಟ ಎನ್ನುತ್ತಿತ್ತು, ಬಾಯಿ ಮಾತ್ರ ನಿಲ್ಲಲಿಲ್ಲ. "ಹೇಳಿದ್ದೆ! ಹನ್ನೆರಡು ವರ್ಷದಿಂದ ಹೇಳ್ಕೊಂಡೇ ಬಂದಿದೀನಿ! ಅದು ಬಾಡಿಗೆ ಜಾಕೆಟ್ಟಿಗೆ ಕಣೇ, ನನ್ನ ಜಾಕೆಟ್ಟಿಗಲ್ಲ!"

ಗೈಡ್‌ಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಾನು ಏನು ಅಂದೆ ಎನ್ನುವುದು ಆಡಿದವನಿಗೆ ಗೊತ್ತಾಗಲು ಇನ್ನೂ ಸ್ವಲ್ಪ ಹೊತ್ತು ಬೇಕಾಯಿತು. ಗೊತ್ತಾದಾಗ ಅವನ ಕೈ ತಾನಾಗಿಯೇ ಎದೆಯ ಕಡೆ ಹೋಯಿತು.

"ಕೈ ಕೆಳಗಿಳಿಸು" ಎಂದ ದೊಡ್ಡಣ್ಣ. ಆಮೇಲೆ ಹೊಲಿಗೆಯಕ್ಕನ ಕಡೆ ತಿರುಗಿದ. "ಎರಡು ವರ್ಷದಿಂದ ಗೊತ್ತಿತ್ತೇನಮ್ಮಾ ನಿಂಗೆ?"

"ಮೂರನೇ ದಿನಾನೇ ಗೊತ್ತಾಯ್ತು ದೊಡ್ಡಣ್ಣ. ನಾನು ಹೇಳಿದ್ರೆ ನೀವು ನಂಬ್ತಿದ್ರಾ?"

ದೊಡ್ಡಣ್ಣ ನೆಲದ ಮೇಲಿದ್ದ ಜಾಕೆಟ್ಟನ್ನು ಎತ್ತಿಕೊಂಡು ಬಾಗಿಲ ಕಡೆ ನಡೆದ. ಗೈಡ್‌ಗಳು ಒಬ್ಬೊಬ್ಬರಾಗಿ ಹೊರಗೆ ನಡೆದರು. ಲೋಟ ಯಜಮಾನ ಮೂಲೆಯಲ್ಲಿ ಮುದುರಿ ಕೂತು, "ಒಂಚೂರು ಬಿಸಿನೀರು ಕೊಡು" ಎಂದು ಗೋಗರೆದ. ಕೆಟಲ್ ಅವಳ ಕೈಗೆಟುಕುವಷ್ಟು ಹತ್ತಿರದಲ್ಲೇ ಇತ್ತು. ಅವಳು ಚೀಲ ಹೆಗಲಿಗೇರಿಸಿಕೊಂಡು ಹೊರಟುಬಿಟ್ಟಳು. ಕೊಟ್ಟಿದ್ದರೆ ನಾವೆಲ್ಲ ಅವಳನ್ನು ಒಳ್ಳೆಯವಳು ಎನ್ನುತ್ತಿದ್ದೆವು. ಅವಳಿಗೆ ಆವತ್ತು ನಮ್ಮ ಸರ್ಟಿಫಿಕೇಟು ಬೇಕಾಗಿರಲಿಲ್ಲ.

ನಾಲ್ಕು ದಿನ ಕಳೆದ ಮೇಲೆ ದೊಡ್ಡಣ್ಣ ತಾನೇ ಏಣಿ ಹತ್ತಿ ಹಲಗೆಯ ಮೇಲೆ ಆ ಹೆಸರು ಬರೆದ. ಅತ್ತೆ ಎರಡು ವರ್ಷದ ಮೇಲೆ ಆ ಬೀದಿಗೆ ಬಂದರು. ಅಕ್ಷರಗಳನ್ನು ಕೈಯಿಂದ ಮುಟ್ಟಿ ನೋಡಲು ಹೋದರು, ಬಣ್ಣ ಇನ್ನೂ ಹಸಿ ಇದೆ ಎಂದು ದೊಡ್ಡಣ್ಣ ತಡೆದ.

ಮನೆಗೆ ಬಂದ ಮೇಲೆ, ಅಡುಗೆಮನೆಯಲ್ಲಿ ಸೊಸೆ ಒಲೆ ಹಚ್ಚುವಾಗ ಅತ್ತೆ ಹಿಂದೆ ಬಂದು ನಿಂತರು.

"ನಿಜ ಹೇಳು. ಅವನು ಮೇಲೇನೇ ಸತ್ತುಹೋಗಿದ್ರೆ ಏನು ಮಾಡ್ತಿದ್ದೆ?"

"ಅದೊಂದೇ ಹೆದರಿಕೆ ಇತ್ತು ಅತ್ತೆ. ಸತ್ತಿದ್ರೆ ಆ ಮಾತು ಯಾರ ಬಾಯಿಂದ ಹೊರಡಿಸ್ಲಿ?"

ಅತ್ತೆ ತರಕಾರಿಯ ಬುಟ್ಟಿ ಎಳೆದುಕೊಂಡು ನೆಲದ ಮೇಲೆ ಕೂತರು.

"ನೀನು ಒಳ್ಳೆಯವಳು ಕಣೇ" ಎಂದರು. "ನಾನಾಗಿದ್ರೆ ಆ ಎರಡು ಸಲ ಬುಸ್ ಕೂಡ ಅನ್ನಿಸ್ತಿರಲಿಲ್ಲ."