ಕಣ್ಣಳತೆ

"ಹದಿನೇಳೂವರೆ ಇಂಚು, ಬರ್ಕೊಳ್ಳಿ," ಎಂದ ದರ್ಜಿ. ಪಕ್ಕದಲ್ಲಿದ್ದ ಹೆಂಡತಿಯ ಬೆನ್ನಿನ ಕಡೆ ತಿರುಗಿಯೂ ನೋಡಲಿಲ್ಲ.

ಬೆಟ್ಟ ಹತ್ತುವವರ ಸಾಮಾನು ಮಾರುವ ಅಂಗಡಿ ಅದು. ಗೋಡೆಯ ತುಂಬ ಬೆನ್ನಿಗೆ ಹಾಕುವ ಚೀಲಗಳು ತೂಗುತ್ತಿದ್ದವು. ಅಂಗಡಿಯಾಕೆ ಟೇಪು ಬಿಚ್ಚಿದಳು.

"ಅಳೆದೇ ಕೊಡೋದು ಯಜಮಾನ್ರೇ. ಚೀಲ ಬೆನ್ನಿಗೆ ಸರಿಯಾಗಿ ಕೂರದಿದ್ರೆ ಭಾರವೆಲ್ಲ ಹೆಗಲಿಗೆ ಬೀಳುತ್ತೆ. ಅದನ್ನ ಸೊಂಟ ಹೊರಬೇಕು."

"ನಲವತ್ತು ವರ್ಷದಿಂದ ಇವಳ ಅಂಗಿ ಹೊಲೀತಿದ್ದೀನಮ್ಮ. ನನ್ನ ಕಣ್ಣೇ ಟೇಪು."

"ಜಂಬಕ್ಕೆ ಮಾತ್ರ ಅಳತೆ ಇಲ್ಲ," ಎಂದಳು ಹೆಂಡತಿ.

ಬೆಟ್ಟದ ಮೇಲೆ ಒಂದು ಕೆರೆ ಇದೆಯಂತೆ. ಅದರ ದಡದಲ್ಲಿ ಡೇರೆ ಹಾಕಿ ಎರಡು ದಿನ ಇರಬೇಕೆಂದು ಅವಳು ಮದುವೆಯಾದ ವರ್ಷವೇ ಕೇಳಿದ್ದಳು. ಶಾಲೆ ಶುರುವಾಗುವಾಗ ಸಮವಸ್ತ್ರ, ಚಳಿಗೆ ಮುಂಚೆ ಕೋಟು. ದರ್ಜಿಗೆ ಬಿಡುವೇ ಆಗಲಿಲ್ಲ. "ಕೆರೆ ಎಲ್ಲಿಗೂ ಓಡಿಹೋಗಲ್ಲ ಕಣೇ," ಎನ್ನುತ್ತಿದ್ದ. ಅವಳು ಜಗಳವಾಡದೆ ಗುಂಡಿ ಹಚ್ಚಲು ಕೂರುತ್ತಿದ್ದಳು. ಹೋದ ತಿಂಗಳು ಹೊಲಿಗೆ ಯಂತ್ರಗಳನ್ನೆಲ್ಲ ಮಾರಿ ಅಂಗಡಿ ಮುಚ್ಚಿದ ಮೇಲೆ ಅವನೇ ಎದ್ದು, "ನಡಿ, ಚೀಲ ತರೋಣ," ಎಂದಿದ್ದ.

ಅವನು ಹೇಳಿದ ಅಳತೆಯ ಚೀಲಕ್ಕೆ ಅಂಗಡಿಯಾಕೆ ಒಂದೊಂದು ಕಿಲೋದ ನಾಲ್ಕು ಮರಳಿನ ಪೊಟ್ಟಣ ತುಂಬಿ ಹೊರಿಸಿದಳು. ಸೊಂಟದ ಪಟ್ಟಿ ಜಾರಿ ತೊಡೆಯ ಮೇಲೆ ಬಂದು ನಿಂತಿತು. ದರ್ಜಿ ಪಟ್ಟಿಯ ಹೊಲಿಗೆ ಹಿಡಿದು ನೋಡಿ, ನೂಲೇ ಕಳಪೆ ಎಂದ.

ಅಂಗಡಿಯಾಕೆ ಚೀಲ ಇಳಿಸಿ, ಹೆಂಡತಿಯ ತಲೆಯನ್ನು ಮೆಲ್ಲಗೆ ಬಾಗಿಸಿ, ಕತ್ತಿನ ಬುಡದ ಮೂಳೆಗೆ ಬೆರಳಿಟ್ಟು ಸೊಂಟದ ತನಕ ಟೇಪು ಇಳಿಬಿಟ್ಟಳು.

"ಹದಿನಾರಕ್ಕೆ ಕಾಲಿಂಚು ಕಮ್ಮಿ."

"ಇನ್ನೊಂದ್ಸಲ ಅಳೀರಿ."

ಅಳೆದಳು. ಅಷ್ಟೇ ಬಂತು.

"ಹಂಗಾದ್ರೆ ನಾನು ಹೊಲಿದ ಅಂಗಿ ನಿಂಗೆ ಹೆಂಗೆ ಕೂರ್ತಿತ್ತು?"

"ಕೂರ್ತಿರ್ಲಿಲ್ಲ ರೀ. ಬೆನ್ನ ಹತ್ರ ಒಳಗಿಂದ ಮಡಿಸಿ ಹೊಲ್ಕೋತಿದ್ದೆ. ಏಳೆಂಟು ವರ್ಷ ಆಯ್ತು."

"ಹೇಳ್ಬಾರ್ದಾ?"

"ಅಂಗಡಿ ತುಂಬ ಜನ ಇರೋರು. ಅವರದ್ದು ಮುಗೀಲಿ ಅಂತಿದ್ದೆ."

ಗಿರಾಕಿಗಳು ಪ್ರತಿ ಸಲ ಬಂದಾಗಲೂ ಅವನು ಹೊಸದಾಗಿ ಅಳತೆ ತೆಗೆಯುತ್ತಿದ್ದ. ಜನ ದಪ್ಪಗಾಗುತ್ತಾರೆ, ಇಳಿಯುತ್ತಾರೆ, ಬಾಗುತ್ತಾರೆ ಎಂಬುದು ಅವನಿಗೆ ಗೊತ್ತಿರದ ಸಂಗತಿಯಲ್ಲ. ಹೆಂಡತಿಗೆ ಮಾತ್ರ ಮದುವೆಯ ವರ್ಷ ಕತ್ತರಿಸಿ ಮೊಳೆಗೆ ನೇತುಹಾಕಿದ್ದ ಕಾಗದದ ಅಚ್ಚು ಇತ್ತು. ಅವಳ ಅಂಗಿಗಳೆಲ್ಲ ಅದನ್ನೇ ಬಟ್ಟೆಯ ಮೇಲಿಟ್ಟು ಕತ್ತರಿಸಿದವು.

ಅಂಗಡಿಯಾಕೆ ಶಾಲೆಯ ಹುಡುಗಿಯರಿಗೆಂದು ಮಾಡಿದ ಚಿಕ್ಕ ಚೀಲ ತಂದು, ಅದೇ ಪೊಟ್ಟಣಗಳನ್ನು ತುಂಬಿ ಹೊರಿಸಿದಳು. ಬೆನ್ನಿಗೆ ಹಚ್ಚಿದಂತೆ ಕೂತಿತು.

"ಎರಡು ಜಡೆ ಹಾಕ್ಕೊಂಡ್ರೆ ಶಾಲೆಗೇ ಸೇರಿಸ್ಕೋತಾರೆ," ಎಂದು ಹೆಂಡತಿ ನಕ್ಕಳು.

ಕಿಟಕಿಯ ಬಳಿ ಎಂಟು ಮರದ ಮೆಟ್ಟಿಲುಗಳಿದ್ದವು. ಚೀಲ ಕೊಳ್ಳುವವರು ಭಾರ ಹೊತ್ತು ಅವನ್ನು ಹತ್ತಿ ನೋಡಬೇಕು. ಅವಳು ಮೂರು ಹತ್ತಿ, ಪಕ್ಕದ ಕಂಬಿ ಹಿಡಿದು, ಉಸಿರು ತೆಗೆದುಕೊಂಡು ಇಳಿದಳು. ಅಂಗಡಿಯಾಕೆ ಒಂದು ಪೊಟ್ಟಣ ತೆಗೆದು ದರ್ಜಿಯ ಕೈಗಿತ್ತಳು. ಈ ಸಲ ನಾಲ್ಕು ಮೆಟ್ಟಿಲು. ಇನ್ನೊಂದು ಪೊಟ್ಟಣ ತೆಗೆದಳು. ಮತ್ತೂ ನಾಲ್ಕೇ. ಕೊನೆಗೆ ಮರಳೆಲ್ಲ ದರ್ಜಿಯ ತೋಳಿಗೆ ಬಂತು.

"ನಿನ್ನ ಸಾಮಾನು ನಾನೇ ಹೊರ್ತೀನಿ," ಎಂದ.

"ಸಾಮಾನು ಹೊರಬಹುದು ರೀ, ಮಂಡಿ ಹೊರೋಕಾಗುತ್ತಾ?" ಅವಳು ಹೆಗಲಿನ ಪಟ್ಟಿಯನ್ನು ಸವರಿದಳು. "ಕಡಲೆ ಬಂತು, ಹಲ್ಲು ಹೋಯ್ತು, ಅಷ್ಟೇ. ಕೆರೆಗೆ ನೀವು ಹೋಗಿ ಬನ್ನಿ. ನೀರು ಯಾವ ಬಣ್ಣ ಅಂತ ನೋಡ್ಕೊಂಡ್ ಬಂದು ಹೇಳಿ."



ಅವಳು ಖಾಲಿ ಚೀಲ ಹೊತ್ತೇ ಒಂದೊಂದು ಮೆಟ್ಟಿಲಿಗೂ ಎರಡೂ ಕಾಲಿಟ್ಟು ಎಂಟನೆಯದನ್ನು ಮುಟ್ಟಿದಳು. ಅಲ್ಲಿ ನಿಂತು ಕಿಟಕಿಯಾಚೆ ನೋಡತೊಡಗಿದಳು. ಬೀದಿಯಲ್ಲಿ ಯಾರೋ ಸೈಕಲ್ ತಳ್ಳಿಕೊಂಡು ಏರು ಹತ್ತುತ್ತಿದ್ದರು. ಪೊಟ್ಟಣಗಳನ್ನು ಮೇಜಿನ ಮೇಲಿಡಿ ಎಂದು ಅಂಗಡಿಯಾಕೆ ಎರಡು ಸಲ ಹೇಳಿದಳು. ದರ್ಜಿ ಅವನ್ನು ಎದೆಗವಚಿಕೊಂಡು ಕೆಳಗೇ ನಿಂತಿದ್ದ.