ವಕ್ತಾರನ ದನಿ ತಗ್ಗಿದ ದಿನ

ಸಂಯಮ ಎಂದನಲ್ಲ, ಮುಂದಿನ ಸೀಟಿನವನ ಮೊಬೈಲಿನೊಳಗೆ, ಆ ವಿದೇಶಾಂಗ ವಕ್ತಾರ, ಎಷ್ಟು ಮೆತ್ತಗೆ ಅಂದ, ನಾವು ಸಂಯಮದಿಂದಿದ್ದೇವೆ, ಗಡಿ ಜಿಲ್ಲೆಗಳ ಜನ ಆಡಳಿತದ ಸೂಚನೆ ಪಾಲಿಸಬೇಕು, ಎಂದವನು ನೀರು ಕುಡಿದ — ಬಸ್ಸು ಹೊಳಲ್ಕೆರೆ ದಾಟಿ ಗುಂಡಿಗೆ ಬಿದ್ದು ಎದ್ದಿತು, ಕಂಡಕ್ಟರ್ ನಗುತ್ತಾನೆ, ಯುದ್ಧನೂ ಇಲ್ಲ ಗಿದ್ಧನೂ ಇಲ್ಲ ಬಿಡ್ರಿ, ಬೊಗಳೋ ನಾಯಿ ಕಚ್ಚಲ್ಲ — ಅಯ್ಯೋ ಪುಣ್ಯಾತ್ಮ, ಈಗ ಬೊಗಳುವುದು ನಿಂತಿದೆಯಲ್ಲ, ನನಗೆ ಭಯವಾಗುತ್ತಿರುವುದೇ ಅದಕ್ಕೆ. ಇದೇ ಗಾದೆಯನ್ನು ಶನಿವಾರ ನಾನೂ ಹೇಳಿದೆ, ನಮ್ಮ ನಡುಮನೆಯಲ್ಲಿ, ಇಪ್ಪತ್ತೆರಡು ವರ್ಷ ಹೊಸದುರ್ಗದ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಟ್ಟ ರೇಣುಕಾ ಮೇಡಂ, ಕೈಯಲ್ಲಿ ಸೀಮೆಸುಣ್ಣ ಒಂದು ಇರಲಿಲ್ಲ ಅಷ್ಟೇ.

ನನ್ನ ತಮ್ಮ ಹನುಮೇಶ್ ಕೇಳಿದ್ದ, ಸೈನಿಕ ಅವನು, ಹೆಂಡತಿ ದೀಪಾಳ ಚೊಚ್ಚಲ ಹೆರಿಗೆಗೆಂದು ರಜೆಯ ಮೇಲೆ ಬಂದವನು, ಅಕ್ಕ, ನೀನು ದಿನಾ ಪೇಪರ್ ಓದ್ತೀಯ, ಇದು ನಿಜವಾಗ್ಲೂ ಆಗ್ತೈತಾ, ನಮಗೇನೂ ಗೊತ್ತಾಗಲ್ಲ, ಫೋನ್ ಬಂದ್ರೆ ಹೋಗದು ಅಷ್ಟೇ, ಆಗಂಗಿದ್ರೆ ಹೇಳು, ಸೋಮವಾರನೇ ಆಪರೇಷನ್ ಮಾಡಿಸಿಬಿಡಾಣ, ಮಗೀನ ಮುಖ ನೋಡ್ಕಂಡು ಹೋಗ್ತೀನಿ. ಮಗು ಅಡ್ಡ ಮಲಗಿದೆ, ಆಪರೇಷನ್ ಹೇಗೂ ಆಗಬೇಕು, ಸೋಮವಾರವಾದರೂ ಸರಿ ಗುರುವಾರವಾದರೂ ಸರಿ ಎಂದಿದ್ದರು ಡಾಕ್ಟರಮ್ಮ. ಬುಧವಾರ ಅಮಾವಾಸ್ಯೆ. ಅಮ್ಮ ಪಂಚಾಂಗ ಹಿಡಿದು ಕೂತಿದ್ದಳು, ಅಮಾಸೆ ಸೆರಗಲ್ಲಿ ಕೂಸು ತೆಗಿಸ್ತಾರೇನೋ ಲೇ, ಗುರುವಾರ ಪಾಡ್ಯ ಐತೆ, ಬೆಳೆಯೋ ಚಂದ್ರ, ಮೂರು ದಿನ ತಡಿ. ಇಬ್ಬರೂ ನನ್ನ ಮುಖ ನೋಡಿದರು. ನಾನು ಮಂತ್ರಿಗಳ ಭಾಷಣ ಬಿಡಿಸಿ ಹೇಳಿದೆ, ಮಣ್ಣು ಮುಕ್ಕಿಸ್ತೀವಿ ಅನ್ನೋದು ಊರಿನವರಿಗೆ, ಎಲ್ಲ ಆಯ್ಕೆ ಮುಕ್ತ ಅನ್ನೋದು ಹೊರಗಿನವರಿಗೆ, ಹೊಡೆಯೋನು ಹೇಳಿ ಹೊಡೆಯಲ್ಲ ಕಣೋ, ಬರೀ ಮಾತು. ಅಷ್ಟೂ ಸರಿಯೇ. ಆದರೆ ಭಾನುವಾರದ ಪೇಪರಿನ ಒಳಪುಟದಲ್ಲಿ, ಬಿತ್ತನೆ ಬೀಜದ ಜಾಹೀರಾತಿನ ಪಕ್ಕ, ನಾಲ್ಕೇ ಸಾಲು — ಅಲ್ಲಿನ ನಮ್ಮ ರಾಯಭಾರ ಕಚೇರಿ ಸಿಬ್ಬಂದಿಯ ಕುಟುಂಬಗಳು ವಾಪಸ್. ಎರಡು ಸಲ ಓದಿದೆ. ಬಾಯಿ ಹೇಳುವುದು ಬೇರೆ, ಮನೆಮಂದಿಯನ್ನು ಕರೆಸಿಕೊಳ್ಳುವುದು ಬೇರೆ, ಅದು ಗೊತ್ತಾಗದಷ್ಟು ದಡ್ಡಿಯೇ ನಾನು? ಗೊತ್ತಾಯಿತು. ಪೇಪರ್ ಮಡಚಿ ಅಕ್ಕಿ ಡಬ್ಬದ ಕೆಳಗೆ ಹಾಸಿಬಿಟ್ಟೆ. ಮೂಢನಂಬಿಕೆ ಬಿಡಿ ಎಂದು ಪಾಠ ಮಾಡಿ ಬಂದು, ಮೈಲಿಗೆಯೆಂದು ಕಾಲು ತೊಳೆಯುವ ಹೆಂಗಸು ನಾನು, ಆದರೆ ನನ್ನ ಕೂಸು ಅಮಾವಾಸ್ಯೆಯ ಹಿಂದಿನ ದಿನ ಹುಟ್ಟಿ ಮೂರು ದಿನ ಉಸಿರಾಡಿ ಹೋಯಿತಲ್ಲ, ಆ ಹೆದರಿಕೆ ಯಾವ ಪಾಠಕ್ಕೂ ಬಗ್ಗಲಿಲ್ಲ. ಸಂಜೆ ಅವನು ಮತ್ತೆ ಕೇಳಿದ, ಖಂಡಿತ ಏನಕ್ಕ? ಖಂಡಿತ ಕಣೋ, ಗುರುವಾರಕ್ಕೆ ಇಟ್ಟುಕೋ. ಹೆದರಿದ್ದು ನಾನು, ಹೇಳಿದ್ದು ಸರ್ಕಾರದ ಹೆಸರಲ್ಲಿ. ಮಂಗಳವಾರ ಸಂಜೆ ಅವನಿಗೆ ಫೋನ್ ಬಂತು, ಎಂಟೇ ಸೆಕೆಂಡಿನ ಮಾತು, ರಜಾ ರದ್ದು.

ಇವತ್ತು ಬೆಳಗ್ಗೆ ಚಿಕ್ಕಜಾಜೂರಿನಲ್ಲಿ ರೈಲು. ದೀಪಾ ಮನೆ ಬಾಗಿಲಲ್ಲೇ ನಿಂತಳು, ಹೊಟ್ಟೆ ಹಿಡಿದುಕೊಂಡು, ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ಸ್ಟೇಷನ್ನಿನಲ್ಲಿ ಅವನೂ ಬೈಯಲಿಲ್ಲ, ಕಿಟಕಿಯ ಪಕ್ಕ ಕೂತು ಜೇಬಿನಿಂದ ಅದನ್ನು ತೆಗೆದ, ಕೆಂಪು ಉಲ್ಲನ್ ಕುಲಾವಿ, ಹುಟ್ಟೋಕೆ ಮುಂಚೆ ತರಬಾರದು ಎಂದು ಅಮ್ಮ ಬೈತಾಳೆಂದು ಬಚ್ಚಿಟ್ಟುಕೊಂಡಿದ್ದನಂತೆ, ಮುಷ್ಟಿ ಕಟ್ಟಿ ಅದಕ್ಕೆ ತೊಡಿಸಿದ, ಸರಳುಗಳ ನಡುವೆ ಹಿಡಿದ, ಹಿಂಗೆ ಕಾಣ್ತೈತೇನಕ್ಕ, ಇಷ್ಟೇ ಇರ್ತೈತೇನು ತಲೆ? ನಾನು ನಕ್ಕೆ. ನಕ್ಕೆನಲ್ಲ, ನನ್ನ ಬಾಯಿಗಿಷ್ಟು ಮಣ್ಣು ಹಾಕ. ಅವನು ಆ ಮುಷ್ಟಿಯನ್ನು ಅತ್ತಿತ್ತ ಅಲ್ಲಾಡಿಸಿದ, ತಲೆ ಆಡಿಸುವ ಹಾಗೆ, ರೈಲು ಹೊರಟಿತು, ಆಡಿಸುತ್ತಲೇ ಹೋದ, ಕೆಂಪು ಚುಕ್ಕಿಯಾಗುವವರೆಗೂ ನೋಡಿದೆ, ಆಮೇಲೆ ಮಧ್ಯಾಹ್ನ ಒಂದರವರೆಗೂ ಸ್ಟೇಷನ್ನಿನ ಬೆಂಚಿನ ಮೇಲೆ ಕೂತಿದ್ದೆ. ಕಿಟಕಿಯಾಚೆ ತೆಂಗಿನ ತೋಟ, ಗುಡ್ಡದ ಮೇಲೆ ಗಾಳಿಯಂತ್ರ, ಮತ್ತೆ ತೋಟ — ಫೋನು, ಬ್ಯಾಗಿನೊಳಗೆ, ಎಷ್ಟು ಹೊತ್ತಿನಿಂದ ಹೊಡೆದುಕೊಳ್ಳುತ್ತಿದೆಯೋ.

ಅಮ್ಮ. ಎಲ್ಲಿ ಹಾಳಾಗಿ ಹೋಗಿದ್ಯೇ, ಎಷ್ಟು ಸಲ ಮಾಡಿದ್ವಿ, ಹನ್ನೊಂದಕ್ಕೇ ನೋವು ಬಂದ್ಬಿಡ್ತು ಕಣೇ, ಇವತ್ತೇ, ಅಮಾಸೆ ದಿನವೇ ಆಪರೇಷನ್ ಆಯ್ತು, ಹೆಣ್ಣು ಮಗ, ತಾಯಿ ಮಗು ಇಬ್ಬರೂ ಚೆನ್ನಾಗವ್ರೆ. ಅವಂಗೆ ಹೇಳಾಣ ಅಂದ್ರೆ ಫೋನ್ ಆಫ್ ಐತೆ, ಆಫ್ ಮಾಡ್ಕಳಾಕೆ ಹೇಳವ್ರಂತಲ್ಲ. ಇರ್ಲಿ ಬಿಡು, ನಾಲ್ಕು ದಿನಕ್ಕೆ ವಾಪಸ್ ಬಂದೇ ಬರ್ತಾನೆ, ಯುದ್ಧ ಆಗಲ್ಲ ಅಂತ ನೀನೇ ಹೇಳಿದ್ಯಲ್ಲ. ಹೇಳಿದ್ಯಲ್ಲೇ ರೇಣುಕಾ? ಮುಂದಿನ ಸೀಟಿನವನು ಅದೇ ವಿಡಿಯೋ ಮತ್ತೆ ಹಾಕಿದ್ದಾನೆ, ಸಂಯಮ, ಸೂಚನೆ, ನೀರು ಕುಡಿಯುತ್ತಾನೆ — ಹೂಂ ಅಮ್ಮ, ಹೇಳಿದ್ದೆ, ಬರ್ತಾನೆ. ಮಗು ಯಾರ ಥರ ಇದೆ ಎಂದು ಕೇಳಬೇಕು, ಎಲ್ಲರೂ ಮೊದಲು ಕೇಳುವುದೇ ಅದನ್ನ, ಕೇಳಲು ಬಾಯಿ ತೆರೆದರೆ ಮುಖವೇ ಬರುತ್ತಿಲ್ಲ, ಕಣ್ಣಿಲ್ಲ ಮೂಗಿಲ್ಲ, ಕಿಟಕಿಯ ಸರಳು, ಸರಳಿನ ನಡುವೆ ಮುಷ್ಟಿ, ಮುಷ್ಟಿಗೆ ಕೆಂಪು ಕುಲಾವಿ, ಅತ್ತಿತ್ತ, ಅತ್ತಿತ್ತ —