ಕಾಲುಚೀಲದ ಕಾಗೆ

ಬಾಗಿಲಿನಾಚೆ ಪುಟ ತಿರುವಿದ ಸದ್ದು, ಅದು ನನ್ನ ರೆಕಾರ್ಡು ಪುಸ್ತಕದ್ದೋ ಸಹಪಾಠಿ ಬೃಂದಾಳದ್ದೋ, ಅವಳು ಒಳಗೆ ಹೋಗಿ ಐದು ನಿಮಿಷವಾಗಿಲ್ಲ, ಅವಳದೇ ಇರಬೇಕು, ಆದರೆ ಮೈಸೂರಿನಿಂದ ಪರೀಕ್ಷೆ ಮಾಡಲು ಬಂದಿರುವ ಮೇಡಂ ಎಲ್ಲರ ರೆಕಾರ್ಡುಗಳನ್ನೂ ಬೆಳಗ್ಗೆಯೇ ಒಂದು ಸುತ್ತು ಓದಿದ್ದಾರಂತೆ, ಓದಿದ್ದರೆ ನನ್ನ ಆ ಪುಟವನ್ನೂ ಓದಿರುತ್ತಾರೆ, ಆಗಸ್ಟ್ ಇಪ್ಪತ್ತೇಳು, ಗುರುವಾರ, ಮಗು ಇಂದೂ ಮಾತಾಡಲಿಲ್ಲ, ಓದಿದವರಿಗೆ ಅದು ಸುಳ್ಳೆಂದು ಗೊತ್ತಾಗುತ್ತದೆಯೇ, ಉಳಿದ ಪುಟಗಳಿಗಿಂತ ಅಲ್ಲಿ ಅಕ್ಷರ ದುಂಡಗಿದೆ, ಸುಳ್ಳು ಬರೆಯುವಾಗ ನನ್ನ ಅಕ್ಷರ ಯಾವಾಗಲೂ ದುಂಡಗಾಗುತ್ತದೆ — ಈಗಲೂ ಹೇಳಬಹುದು, ಒಳಗೆ ಹೋದ ಕೂಡಲೇ, ಕುರ್ಚಿಯಲ್ಲಿ ಕೂರುವ ಮೊದಲೇ, ಮೇಡಂ, ಆ ಪುಟದಲ್ಲಿ ಒಂದು ತಪ್ಪಿದೆ, ಐದೇ ಪದ, ಆಮೇಲಿನದು ತಾನಾಗಿ ಬರುತ್ತದೆ, ಬರುತ್ತದೆಯೇ, ನನಗೆ ಯಾವತ್ತು ತಾನಾಗಿ ಬಂದಿದೆ. ಕೆಳಗಿನ ಗೋದಾಮಿನಿಂದ ಹೊಗೆಸೊಪ್ಪಿನ ವಾಸನೆ ಮೆಟ್ಟಿಲು ಹತ್ತಿ ಬರುತ್ತಿದೆ, ಏಪ್ರಿಲ್‌ನಲ್ಲೂ, ಹುಣಸೂರಿನ ಈ ಕಟ್ಟಡದ ಗೋಡೆಗಳೇ ಅದನ್ನು ಕುಡಿದಿವೆ, ಮೇಲೆ ನರ್ಸರಿ ಟೀಚರ್ ತರಬೇತಿ ಕೇಂದ್ರವೆಂಬ ಬೋರ್ಡು, ಕೆಳಗೆ ಗೋಣಿ ಸುತ್ತಿದ ಸೊಪ್ಪಿನ ಮೂಟೆಗಳು, ನಡುವಿನ ಮೆಟ್ಟಿಲ ಮೇಲೆ ಚಿಕ್ಕಮಾದಮ್ಮ ಮೊಮ್ಮಗಳನ್ನು ಒತ್ತಿ ಕೂರಿಸಿಕೊಂಡು ಕೂತಿದ್ದಾಳೆ, ಗುರುಪುರದಿಂದ ಮೊದಲ ಬಸ್ಸಿಗೇ ಬಂದಳಂತೆ, ನನ್ನನ್ನು ನೋಡಿ ಎದ್ದು ನಿಂತಳು, ಸಾಮಿ, ನಿಮ್ ಕಾಲಿಗ್ ಬಿದ್ದೆ, ನಮ್ ಚಿನ್ನು ಮಾತಾಡ್ತಳೆ ಅಂತ ಒಂದ್ ಮಾತ್ ಯೋಳ್‌ಬುಡಿ, ಊರ್ ಇಸ್ಕೂಲ್‌ನಲ್ಲೇ ಒಂದ್ನೇ ಕ್ಲಾಸ್‌ಗೆ ಸೇರುಸ್ಕತಾರಂತೆ, ಇಲ್ದಿದ್ರೆ ಮೈಸೂರ್ ಆಸ್ಟ್ಲಿಗೆ ಬರ್ದ್ ಕಳುಸ್ತಾರಂತೆ, ನನ್ ಸೆರಗ್ ಹಿಡ್ಕಳ್ದೆ ಮನೀಕಳಾಕಿಲ್ಲ ಸಾಮಿ ಈ ಕೂಸು, ಅಲ್ಲಿ ಯಾರ್ ಸೆರಗ್ ಹಿಡ್ಕಂಡದು. ನೋಡೋಣ ಅಜ್ಜಿ ಎಂದೆ. ನೋಡೋಣ ಎಂದರೇನು, ಹೇಳುತ್ತೇನೆ ಎಂದಲ್ಲ, ಹೇಳುವುದಿಲ್ಲ ಎಂದೂ ಅಲ್ಲ, ಇಪ್ಪತ್ನಾಲ್ಕು ವರ್ಷ ನಾನು ಬದುಕಿರುವುದೇ ಆ ಮಾತಿನ ಒಳಗೆ. ಚಿನ್ನು ನನ್ನ ಮುಖ ನೋಡಲಿಲ್ಲ. ನನ್ನ ಕೈಚೀಲ ನೋಡುತ್ತಿದ್ದಳು.

ಚೀಲದಲ್ಲಿ ಕಾಗೆ ಇರಲಿಲ್ಲ, ಬಸ್ಸು ಇಳಿಯುವಾಗಲೇ ತೆಗೆದು ಪ್ಯಾಂಟಿನ ಜೇಬಿಗೆ ತುರುಕಿದ್ದೆ, ಈಗಲೂ ಅಲ್ಲೇ ಇದೆ, ತೊಡೆಗೆ ಒತ್ತುತ್ತಿದೆ, ಪಾಠೋಪಕರಣಗಳ ಪಟ್ಟಿಯಲ್ಲಿ ಕೈಗೊಂಬೆ ಒಂದು ಎಂದು ಬರೆದಿದೆ, ಕೇಳಿದರೆ ತೋರಿಸಬೇಕು, ಕೇಳದಿದ್ದರೆ ಸಾಕು. ಬಿ.ಎ. ಎರಡನೇ ವರ್ಷದಲ್ಲಿ ಎನ್‌ಸಿಸಿಗೆಂದು ಕೊಂಡ ಕಪ್ಪು ಕಾಲುಚೀಲ, ಬಾಯೊಳಗಿನ ಕೆಂಪು ಬಟ್ಟೆ ಅವ್ವನ ಹಳೇ ರವಿಕೆಯದು, ಕಣ್ಣಿಗೆ ಬೃಂದಾ ಎರಡು ಅಂಗಿಗುಂಡಿ ಹೊಲಿದುಕೊಟ್ಟಳು, ಒಂದು ದೊಡ್ಡದು ಒಂದು ಸಣ್ಣದು, ಇರ್ಲಿ ಬುಡಿ ಬೆಟ್ಟಣ್ಣ, ನಿಮ್ ಕಾಗೆ ಕಣ್ ಹೊಡಿತದೆ ಅಂದ್ಕಳಿ, ಇಪ್ಪತ್ತಾರು ಹುಡುಗಿಯರೂ ನಕ್ಕರು, ಇಪ್ಪತ್ತಾರು ಜನಕ್ಕೂ ನಾನು ಬೆಟ್ಟಣ್ಣ, ಹಾಜರಿ ಪುಸ್ತಕದ ಕೊನೆಯಲ್ಲಿ ಕೆಂಪು ಗೆರೆ ಎಳೆದು ಅದರ ಕೆಳಗೆ ಬೆಟ್ಟಸ್ವಾಮಿ ಕೆ., ಒಬ್ಬನೇ. ಮೊದಲ ವಾರ ರುಕ್ಮಿಣಮ್ಮ ಮೇಡಂ ಅಭಿನಯ ಗೀತೆಗೆ ವೃತ್ತ ಮಾಡಿ ನಿಲ್ಲಿಸಿದರು, ಮೊಲವಾಗಬೇಕು, ಎರಡು ಕೈ ತಲೆಯ ಮೇಲೆ ಕಿವಿ, ಮಂಡಿ ಬಾಗಿಸಿ ಜಿಗಿಯಬೇಕು, ನಾನು ನಿಂತೇ ಇದ್ದೆ, ರಾಧಾ ಹೇಳಿದಳು, ಮೇಡಂ, ಬೆಟ್ಟಣ್ಣ ಮರ ಆಗ್ಲಿ, ನಾವು ಸುತ್ತ ಕುಣಿತೀವಿ, ಹಾಗೆ ಮೂರು ವಾರ ನಾನು ಮರವಾದೆ. ನಮ್ಮೂರು ಮಿರ್ಲೆಯಲ್ಲಿ ಅವ್ವ ಕೇಳಿದವರಿಗೆಲ್ಲ ಮಗ ಮೇಷ್ಟ್ರ ಟ್ರೈನಿಂಗು ಎನ್ನುತ್ತಾಳೆ, ನರ್ಸರಿ ಎಂಬ ಪದ ಅವಳ ಬಾಯಿಂದ ಬರುವುದಿಲ್ಲ, ಊರಿನ ಚೆಲುವರಾಜುವಿಗೆ ಅದು ಹೇಗೆ ಗೊತ್ತಾಯಿತೋ, ಏನ್ಲಾ, ಬಿ.ಎ. ಮಾಡ್ಕಂಡು ಹೈಕ್ಳ ಮೂಗ್ ಒರ್ಸಕ್ ಓಯ್ತಿದ್ದೀಯಂತೆ, ನಮ್ಮನೇಲೂ ಎರಡವೆ ಕಣ್ಲಾ, ಸಂದೇಗ್ ಬಂದ್ ಒರ್ಸ್‌ಬುಟ್ ಓಗು, ಸಾಲಿಗ್ರಾಮದ ಬಸ್ಸಿನಲ್ಲಿ ಎಲ್ಲರಿಗೂ ಕೇಳುವಂತೆ, ನಾನೂ ನಕ್ಕೆ. ಬಿ.ಎಡ್. ಸೀಟು ಸಿಗಲಿಲ್ಲ, ಇದು ಸಿಕ್ಕಿತು, ಬೇರೆ ಕಾರಣ ಹುಡುಕಬಾರದು, ಆದರೂ ಒಂದು ಕಾರಣವಿತ್ತು, ಮಕ್ಕಳು ಸುಮ್ಮನಿದ್ದವರನ್ನು ಯಾಕೆ ಸುಮ್ಮನಿದ್ದೀಯ ಎಂದು ಕೇಳುವುದಿಲ್ಲ. ಎರಡನೇ ತಿಂಗಳಲ್ಲಿ ಮೇಡಂ ಒಬ್ಬೊಬ್ಬರಿಗೆ ಒಂದೊಂದು ಮಗು ಹಂಚಿದರು, ಹತ್ತು ವಾರ ಆ ಮಗುವನ್ನು ನೋಡಬೇಕು, ದಿನಾ ಬರೆಯಬೇಕು, ಕಂಡದ್ದನ್ನು ಬರೀರಿ, ನೀವು ಅಂದುಕೊಂಡದ್ದನ್ನು ಬರೀಬೇಡಿ, ಮಗು ದುಃಖದಲ್ಲಿದೆ ಅಂತ ಬರೆದರೆ ಸೊನ್ನೆ ಕೊಡ್ತೀನಿ, ಮಗು ಗೋಡೆ ಕಡೆ ಮುಖ ಮಾಡಿ ಕೂತಿದೆ ಅಂತ ಬರೀರಿ. ನನಗೆ ಬಂದದ್ದು ಗುರುಪುರದ ಶಿಶುವಿಹಾರದ ಚಿನ್ನು, ಐದು ವರ್ಷ, ಮಾತಿಲ್ಲ. ರಾಧಾ ಅಂದಳು, ಸರಿಯಾದ್ ಜೋಡಿ ಬುಡಿ ಮೇಡಂ, ಇಬ್ರೂ ಬಾಯ್ ಬುಡದಿಲ್ಲ.

ಮಗು ಗೋಡೆ ಕಡೆ ಮುಖ ಮಾಡಿ ಕೂತಿದೆ. ಮಗು ಹೆಸರು ಕರೆದರೆ ತಿರುಗುತ್ತದೆ. ಮಗು ಚಪ್ಪಾಳೆಗೆ ಬೆಚ್ಚುತ್ತದೆ. ಕಿವಿ ಕೇಳುತ್ತದೆ ಎಂದು ಬರೆಯಬಾರದು, ಅದು ಅಂದುಕೊಂಡದ್ದಾಗುತ್ತದೆ, ಬೆಚ್ಚುತ್ತದೆ ಎಂದಷ್ಟೇ ಬರೆದೆ. ಊರ ತುಂಬ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಗಳ ಬಿಸಿ, ಸಿಹಿ, ಕಮಟು, ಶಿಶುವಿಹಾರದ ಹಿಂದೆಯೇ ಒಂದು ಬ್ಯಾರನ್, ಅದಕ್ಕೆ ಸೌದೆ ತರುವಾಗಲೇ ಜೂನ್‌ನಲ್ಲಿ ಟ್ರ್ಯಾಕ್ಟರು ಮಗುಚಿ ಚಿನ್ನುವಿನ ಅಪ್ಪ ಮಾದೇಶ ಹೋದದ್ದು, ಚಿಕ್ಕಮಾದಮ್ಮ ಒಂದು ದಿನ ಬಾಗಿಲಲ್ಲೇ ನಿಂತು ಹೇಳಿದಳು, ಮುಂಚೆ ಗಿಣಿ ಅಂಗೆ ಮಾತಾಡದು ಸಾಮಿ, ಆಲುತುಪ್ಪದ ದಿನ ಸಮಾದಿ ಮೇಲೆ ಎಡೆ ಇಟ್ಟೊ, ಕಾಗೆ ಬಂತು, ನೋಡವ್ವ ನಿಮ್ಮಪ್ಪ ಬಂದ ಅಂತ ನಾನೇ ತೋರುಸ್ದೆ, ಒಂದ್ ತುತ್ ತಗಂಡು ಆರೋಯ್ತು, ಅವತ್ತೇ ಕಡೆ, ಈ ಕೂಸಿನ ಬಾಯ್ ಕಟ್ಕತು. ಇದನ್ನು ಅವಳು ಹೇಳಿದ್ದು ಯಾವಾಗ, ಕಾಗೆಯ ಆಟಕ್ಕೆ ಮುಂಚೆಯೋ ಆಮೇಲೋ, ಆಮೇಲೆ, ಆಮೇಲೆಯೇ ಇರಬೇಕು, ಮುಂಚೆ ಗೊತ್ತಿದ್ದರೆ ನಾನು ಕಾಗೆಯನ್ನು ಯಾಕೆ ಮಾಡುತ್ತಿದ್ದೆ, ಗಿಣಿ ಮಾಡುತ್ತಿದ್ದೆ, ನಾಯಿ ಮಾಡುತ್ತಿದ್ದೆ. ಆಗಸ್ಟ್ ಇಪ್ಪತ್ತೇಳು, ಎರಡು ಕಿಟಕಿಗಳ ನಡುವೆ ಹಗ್ಗ ಕಟ್ಟಿ ಹೊದಿಕೆ ಇಳಿಬಿಟ್ಟು ಅದರ ಹಿಂದೆ ಕೂತೆ, ಗೂಡಿಗೆ ಮರ ಸಿಗದ ಕಾಗೆ ಹುಣಸೂರು ಬಸ್ಸಿನ ಟಾಪಿನ ಮೇಲೆ ಗೂಡು ಕಟ್ಟುವ ಕಥೆ, ಕಂಡಕ್ಟರು ಮೊಟ್ಟೆಗಳಿಗೂ ಟಿಕೆಟ್ಟು ಕೇಳುತ್ತಾನೆ, ಮಕ್ಕಳು ಬಿದ್ದು ಬಿದ್ದು ನಕ್ಕರು, ಮುಖ ಕಾಣದಿದ್ದರೆ ನನಗೆ ಮಾತು ಬರುತ್ತದೆಂದು ಆವತ್ತು ಗೊತ್ತಾಯಿತು, ಕಥೆ ಮುಗಿದು ಎಲ್ಲರೂ ಉಪ್ಪಿಟ್ಟಿನ ಪಾತ್ರೆಯ ಕಡೆ ಓಡಿದರು, ನಾನು ಕೈ ಇಳಿಸಲಿಲ್ಲ, ಮೊಣಕೈ ಕಿಟಕಿಯ ಕಟ್ಟೆಗೆ ಊರಿತ್ತು, ಇನ್ನೊಂದು ಗಳಿಗೆ ಹಾಗೇ ಇರೋಣ ಎನಿಸಿತು. ಹೊದಿಕೆಯ ಕೆಳಗೆ ಎರಡು ಪುಟ್ಟ ಪಾದ ಬಂದು ನಿಂತವು. ಕಾಲುಚೀಲದ ಬಾಯೊಳಗೆ ಬಿಸಿಯದೊಂದು, ಉಪ್ಪಿಟ್ಟು, ಅದನ್ನು ತಳ್ಳುತ್ತಾ ಒಂದು ಬೆರಳು, ನನ್ನ ಹೆಬ್ಬೆರಳಿಗೂ ಉಳಿದ ಬೆರಳುಗಳಿಗೂ ನಡುವೆ, ಬಟ್ಟೆಯ ಆಚೆ, ಕಡ್ಡಿಯಷ್ಟು ಸಣ್ಣ ಬೆರಳು. ಅಪ್ಪ, ಇನ್ನೊಂದ್ ತುತ್ ಉಣ್ಣಪ್ಪ.

ಗೊತ್ತಿರಲಿಲ್ಲ ಎನ್ನಬಹುದು, ಪುಟ್ಟ ಮಗುವಿನ ಆಟ ಎಂದುಕೊಂಡೆ ಎನ್ನಬಹುದು, ಆದರೆ ಚಿಕ್ಕಮಾದಮ್ಮ ಹೇಳಿದ್ದು ಮುಂಚೆಯೇ, ಮೊದಲನೇ ವಾರದಲ್ಲೇ, ಆ ಪುಟವೂ ರೆಕಾರ್ಡಿನಲ್ಲಿದೆ, ಕಾಗೆಯನ್ನು ನಾನು ಗೊತ್ತಿದ್ದೇ ಮಾಡಿದೆ, ಯಾಕೆ ಎಂದು ಯಾರೂ ಕೇಳಲಿಲ್ಲ, ಕೇಳಿದ್ದರೂ ನೋಡೋಣ ಎನ್ನುತ್ತಿದ್ದೆ. ನಮ್ಮಪ್ಪನ ಎಡೆಯನ್ನು ಕಾಗೆ ಮುಟ್ಟಲಿಲ್ಲ. ಬೆಳಗ್ಗೆ ಇಟ್ಟ ಎಡೆ, ಮುದ್ದೆ, ಉಪ್ಪೆಸರು, ಅಪ್ಪನಿಗೆ ಇಷ್ಟವಾದ ವಡೆ, ಬಿಸಿಲು ನೆತ್ತಿಗೆ ಬಂತು, ಹೊಂಗೆ ಮರದಲ್ಲಿ ಕಾಗೆಗಳು ಕೂತೇ ಇದ್ದವು, ಕೆಳಗಿಳಿಯಲಿಲ್ಲ, ಚಿಕ್ಕಪ್ಪ ಸಣ್ಣಬೀರಯ್ಯ ನನ್ನ ಭುಜ ಹಿಡಿದು ಮುಂದಕ್ಕೆ ನೂಕಿದ, ಏನಾರ ಮಾತಾಡ್ಲಾ, ಕೆಂಪಣ್ಣ ನಿನ್ನ್ ಬಾಯಿಂದ ಒಂದ್ ಮಾತ್ ಕೇಳ್ಬೇಕು ಅಂತ ಕಾಯ್ತಾವ್ನೆ ಕಣೋ, ಅವ್ವುನ್ ನೋಡ್ಕತೀನಿ ಅನ್ನು, ಇಲ್ಲಾ ಸುಮ್ಕೆ ಅಪ್ಪ ಬಾ ಅನ್ನು, ಅಷ್ಟೇ ಸಾಕು. ಎಲ್ಲರೂ ನನ್ನ ಬಾಯಿ ನೋಡಿದರು. ಬಾಯಿ ತೆರೆಯಿತು, ಮಾತು ಹೊರಡಲಿಲ್ಲ, ಯಾಕೆ ಎಂದು ಇವತ್ತಿಗೂ ಗೊತ್ತಿಲ್ಲ, ಅಪ್ಪನೊಂದಿಗೆ ಜಗಳವಿರಲಿಲ್ಲ, ಇದ್ದದ್ದು ಊಟಕ್ಕೆ ಕೂತಾಗ ಇಬ್ಬರ ನಡುವೆ ಚೊಂಬಿನಂತೆ ಇರುತ್ತಿದ್ದ ಮೌನ ಅಷ್ಟೇ, ಕಡೆಗೆ ಎಡೆಯನ್ನು ಎತ್ತಿ ಹಸುವಿಗೆ ಕೊಟ್ಟರು. ಅದಕ್ಕೇ ಆ ಬೆರಳು ಬಾಯೊಳಗೆ ಬಂದಾಗ ನಾನು ಕೊಕ್ಕು ಮುಚ್ಚಿದೆ, ಮೆಲ್ಲಗೆ, ಹಿಡಿದೆ, ಹೂಂ ಎಂದೆ, ಅದು ಕಥೆಯ ಕಾಗೆಯ ಕೀಚಲು ದನಿಯಲ್ಲ, ನಮ್ಮಪ್ಪನ ದನಿ, ನನ್ನ ಗಂಟಲಲ್ಲಿ ಅದು ಇತ್ತೆಂದು ನನಗೇ ಗೊತ್ತಿರಲಿಲ್ಲ. ನಾಳೀಕೂ ಬತ್ತೀಯಾ. ಬತ್ತೀನಿ ಕಣವ್ವ.

ಮಾರನೇ ದಿನ ಹೋಗಲಿಲ್ಲ. ನಾನು ಹೋದೆ, ಕಾಗೆ ಹೋಗಲಿಲ್ಲ, ಕಾಲುಚೀಲವನ್ನು ಟ್ರಂಕಿನ ತಳದಲ್ಲಿಟ್ಟು ಹೋಗಿದ್ದೆ, ರಾತ್ರಿಯೆಲ್ಲ ಹೆದರಿಕೆ, ಸತ್ತವನ ಹೆಸರಿನಲ್ಲಿ ಅವನ ಮಗಳಿಗೆ ಮಾತು ಕೊಟ್ಟಿದ್ದೆ, ಎರಡನೇ ಸಲ ಕೊಟ್ಟರೆ ಎಲ್ಲಿಗೆ ನಿಲ್ಲುತ್ತದೆ. ಅವಳು ಕಿಟಕಿಯ ಕಟ್ಟೆಯ ಮೇಲೆ ಉಪ್ಪಿಟ್ಟಿನ ಒಂದು ಉಂಡೆ ಇಟ್ಟು ಕಾದಳು, ಮಗು ಕಿಟಕಿಯ ಬಳಿ ನಿಂತಿದೆ ಎಂದು ಬರೆದೆ, ಅದು ಕಂಡದ್ದೇ, ಅಲ್ಲಿಂದ ಮುಂದೆ, ಎರಡನೇ ದಿನ ಉಂಡೆ, ಮೂರನೇ ದಿನ ಉಂಡೆ, ಇರುವೆ ಹತ್ತಿತು, ಎಂಟನೇ ದಿನ ಶಿಶುವಿಹಾರದ ಸೋಮಮ್ಮ ಬೈದು ಕಟ್ಟೆ ಒರೆಸಿದಳು, ಯಾವ್ ಮುಂಡೇದೋ ದಿನಾ ಇಲ್ ಚೆಲ್ಲದು, ಚಿನ್ನು ಮತ್ತೆ ಗೋಡೆ ಕಡೆ ತಿರುಗಿದಳು, ಅದನ್ನೂ ಬರೆದೆ. ಹತ್ತು ವಾರದಲ್ಲಿ ಎಪ್ಪತ್ತು ಪುಟ, ರುಕ್ಮಿಣಮ್ಮ ಮೇಡಂ ಮೆಚ್ಚಿಕೊಂಡರು, ಇಷ್ಟು ಶಿಸ್ತಾಗಿ ಯಾರೂ ನೋಡಿಲ್ಲ ಬೆಟ್ಟಸ್ವಾಮಿ, ಇದರ ಮೇಲೇ ಮಗುವಿನ ಫಾರಂ ತುಂಬಬಹುದು, ಮಾತು ಬಾರದ ಮಕ್ಕಳ ಶಾಲೆ, ಮೈಸೂರು, ಜೂನ್‌ಗೆ ಹಾಸ್ಟೆಲ್, ಪರೀಕ್ಷೆಗೆ ಬರುವ ಮೇಡಂ ಅಲ್ಲಿನವರೇ, ಅವರೇ ಸಹಿ ಹಾಕುತ್ತಾರೆ. ಈಗ ಹೇಳಿದರೆ, ಮಾತಾಡಿದ್ದಳು ಮೇಡಂ ಎಂದರೆ, ಹೌದೇ, ಯಾರ ಹತ್ತಿರ, ಕಾಗೆಯ ಹತ್ತಿರ, ಎಲ್ಲಿದೆ ಕಾಗೆ, ತೋರಿಸಿ, ಕರೆಯಿರಿ ಮಗುವನ್ನು, ಮೆಟ್ಟಿಲಿನಿಂದ ಅವಳನ್ನು ಕರೆತರುತ್ತಾರೆ, ಹೊದಿಕೆಯಿಲ್ಲ, ಏನಿಲ್ಲ, ನನ್ನ ಮುಂಗೈಗೆ ಕಾಲುಚೀಲ ತೊಟ್ಟದ್ದನ್ನು ಅವಳು ನೋಡುತ್ತಾಳೆ, ಅಪ್ಪ ಒಂದು ಕಾಲುಚೀಲ ಎಂದು ನೋಡುತ್ತಾಳೆ — ಇದು ಅವಳಿಗಾಗಿ ಇರುವ ಭಯವೋ, ನನಗಾಗಿ ಇರುವುದೋ, ಅವಳಿಗಾಗಿ ಎಂದರೆ ಒಳ್ಳೆಯವನಾಗುತ್ತೇನೆ, ಆದರೆ ಹಾಸ್ಟೆಲಿನಲ್ಲಿ ಸೆರಗಿಲ್ಲ, ಹೇಳಿದರೆ ಕಡೇ ಪಕ್ಷ ಸೆರಗು ಉಳಿಯುತ್ತದೆ, ಹೇಳಬೇಕು, ಹೇಳುತ್ತೇನೆ, ಐದೇ ಪದ.

ಬಾಗಿಲು ತೆರೆಯಿತು, ಬೃಂದಾ ಬೆವರು ಒರೆಸಿಕೊಳ್ಳುತ್ತಾ, ಮೊಲದ್ ಹಾಡೇ ಕೇಳಿದ್ರು ಬೆಟ್ಟಣ್ಣ, ಕುಣಿಲೇಬೇಕು, ಮರ ಆಯ್ತೀನಿ ಅಂದ್ರೆ ಬುಡಲ್ಲ, ಆಫೀಸಿನ ಸಾಕಮ್ಮ ಇಣುಕಿ ಬೆಟ್ಟಸ್ವಾಮಿ ಬರ್ಬೇಕಂತೆ ಎಂದಳು, ಒಳಗೆ ಫ್ಯಾನು, ಮೇಜು, ನನ್ನ ರೆಕಾರ್ಡು, ಅದರ ಪಕ್ಕದಲ್ಲಿ ಹಳದಿ ಫಾರಂ, ಅದರ ಮೇಲೆ ಕ್ಯಾಪು ತೆಗೆದಿಟ್ಟ ಪೆನ್ನು, ರುಕ್ಮಿಣಮ್ಮ ಮೇಡಂ ನನ್ನತ್ತ ನೋಡಿ ಹೆಮ್ಮೆಯಿಂದ ತಲೆಯಾಡಿಸಿದರು, ಮೈಸೂರಿನ ಮೇಡಂ ಕನ್ನಡಕ ತೆಗೆದರು, ಮೃದುವಾದ ಮುಖ, ಬೈಯುವ ಮುಖವಾಗಿದ್ದರೆ ಸುಲಭವಾಗುತ್ತಿತ್ತು, ಕೂತ್ಕೊಳ್ಳಿ, ತುಂಬ ಚೆನ್ನಾಗಿ ಬರೆದಿದ್ದೀರಿ, ಮೊಲದ ಹಾಡೆಲ್ಲ ಬೇಡ, ಒಂದೇ ಒಂದು ಕೇಳ್ತೀನಿ, ಇದಕ್ಕೆ ಸಹಿ ಹಾಕೋಕೆ ಮುಂಚೆ, ಹತ್ತು ವಾರದಲ್ಲಿ ಆ ಮಗು ಒಂದು ಸಲವಾದರೂ, ಒಂದು ಪದವಾದರೂ, ಆಡಿದ್ದನ್ನ ಕೇಳಿದ್ರಾ. ಬಾಯಿ ತೆರೆಯಿತು. ಮೆಟ್ಟಿಲ ಮೇಲೆ ಯಾರೋ ಕೆಮ್ಮಿದರು, ಚಿಕ್ಕಮಾದಮ್ಮನೇ ಇರಬೇಕು, ಕೈ ಯಾವಾಗ ಜೇಬಿಗೆ ಹೋಯಿತೋ, ಕಾಲುಚೀಲದೊಳಗೆ ಯಾವಾಗ ಹೋಯಿತೋ, ಹೆಬ್ಬೆರಳಿಗೂ ಉಳಿದ ಬೆರಳುಗಳಿಗೂ ನಡುವೆ, ಬಟ್ಟೆಯ ಆಚೆ, ಕಡ್ಡಿಯಷ್ಟು ಸಣ್ಣ ಬೆರಳು, ಒತ್ತುತ್ತಿದೆ, ಎಲ್ಲರೂ ನನ್ನ ಬಾಯಿ ನೋಡುತ್ತಿದ್ದಾರೆ, ಹೊಂಗೆ ಮರದಲ್ಲಿ ಕಾಗೆಗಳು ಕೂತೇ ಇವೆ, ಒಂದು ಬೆರಳು, ಮೇಡಂ ಪೆನ್ನು ಎತ್ತಿಕೊಂಡರು, ಒಂದು ಬೆರಳು.

ಅವಳು ಅಪ್ಪ ಎಂದಳು, ನಾನು ಹೂಂ ಎಂದೆ. ಇದನ್ನು ನಾನು ಹೇಳಲಿಲ್ಲ.